ತಂಬೂರಿ ವಿಮಾನ ಹತ್ತಿದ ಕಥೆ

ರಾಯಚೂರಿಗೆ ಯಾರೇ ನೆಂಟರು ಬರಲಿ, ನಾನು ಅವರನ್ನು ಮೊದಲು ಕರೆದುಕೊಂಡು ಹೋಗುವುದು ಕೋಟೆ ಗೋಡೆಯಲ್ಲಿರುವ ಆ ಒಂದು ಕಲ್ಲಿನ ಹತ್ತಿರ. 41 ಅಡಿ ಉದ್ದದ ಒಂದೇ ಕಲ್ಲು! ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೊರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯವನ್ನು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಶಾಸನ ನನಗೆ ಓದಲು ಬರುವುದಿಲ್ಲ. ನನಗೆ ಇಷ್ಟವಾದದ್ದು ಅಲ್ಲೇ ಗೀಚಿರುವ ಚಿತ್ರ. ಬಂಡಿಯ ಮೇಲೆ ಆ ಕಲ್ಲು ಮಲಗಿದೆ, ಮುಂದೆ ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ. “ನೋಡ್ರಿ, ಇದು ನಮ್ಮ ಊರಿನ ಮೊದಲನೇ ಲಗೇಜು” ಅಂತ ನಾನು ನೆಂಟರಿಗೆ ಹೇಳುತ್ತೇನೆ. ಅವರು ನಗುತ್ತಾರೆ.

ನನಗೆ ಮಾತ್ರ ಈಗ ಆ ಚಿತ್ರ ನೋಡಿದರೆ ನಗು ಬರುವುದು ಕಡಿಮೆ. ಉದ್ದನೆಯ ಸಾಮಾನೊಂದನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವುದು ಎಂಥ ಕಷ್ಟ ಎಂಬುದು ನನಗೂ ಗೊತ್ತಾಗಿದೆ. ನಾನು ಸಾಗಿಸಿದ್ದು ಕಲ್ಲಲ್ಲ, ಒಂದು ತಂಬೂರಿ. ದೇವದುರ್ಗದಿಂದ ಮಾನ್ವಿ, ಮಾನ್ವಿಯಿಂದ ರಾಯಚೂರು, ರಾಯಚೂರಿನಿಂದ ಶಂಷಾಬಾದ್, ಅಲ್ಲಿಂದ ಅಮೆರಿಕ. ಹೊರಟದ್ದು 2019ರಲ್ಲಿ, ತಲುಪಿದ್ದು 2023ರಲ್ಲಿ! ನಿಮ್ಮ ಮನೆಯಿಂದಲೂ ಮಗನೋ ಮಗಳೋ ದೂರ ದೇಶದಲ್ಲಿದ್ದು, ಏನಾದರೂ ಉದ್ದನೆಯದು, ದಪ್ಪನೆಯದು, ನಾಜೂಕಿನದು ಒಯ್ಯುವ ಯೋಚನೆ ನಿಮಗಿದ್ದರೆ ಇದನ್ನು ಪೂರ್ತಿ ಓದಿ. ನನ್ನ ನಾಲ್ಕು ವರ್ಷ ನಿಮಗೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಂತಾಗುತ್ತದೆ.

ಅವ್ವನ ತಂಬೂರಿ

ನನ್ನ ತವರುಮನೆ ದೇವದುರ್ಗ. ನಮ್ಮವ್ವ ದಿನಾ ಬೆಳಗ್ಗೆ ಅಂಗಳ ಸಾರಿಸಿ, ರಂಗೋಲಿ ಹಾಕಿ, ಸ್ನಾನವಾದ ಮೇಲೆ ನಡುಮನೆಯಲ್ಲಿ ಕೂತು ತಂಬೂರಿ ಮೀಟುತ್ತ ನಾಲ್ಕು ದೇವರನಾಮ ಹೇಳುವಳು. ಆ ಮೇಲೆಯೇ ಒಲೆ ಹೊತ್ತುವುದು. ತಂಬೂರಿ ನಮ್ಮಜ್ಜ ಮಿರಜಿನಿಂದ ತರಿಸಿಕೊಟ್ಟದ್ದು. ಸೋರೆಬುರುಡೆಯ ದೊಡ್ಡ ಹೊಟ್ಟೆ, ನಾಲ್ಕೂವರೆ ಅಡಿ ಉದ್ದ, ನಾಲ್ಕು ತಂತಿ. ನಾವು ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಗೋಡೆಯ ಗೂಟಕ್ಕೆ ಕೆಂಪು ಗವುಸು ಹಾಕಿಕೊಂಡು ಅದು ಹಿರಿಯರ ಹಾಗೆ ನಿಂತಿರುತ್ತಿತ್ತು.

ನಮ್ಮ ಜಿಲ್ಲೆಗೂ ತಂಬೂರಿಗೂ ಹಳೆಯ ನಂಟು ಎಂಬುದು ನಿಮಗೆ ಗೊತ್ತಿರಬಹುದು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ನಮ್ಮ ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಹೆಗಲ ಮೇಲೆ ತಂಬೂರಿ, ಕಾಲಲ್ಲಿ ಗೆಜ್ಜೆ, ಊರೂರು ನಡಿಗೆ — ದಾಸರೆಂದರೆ ನಮ್ಮ ಕಣ್ಣಿಗೆ ಬರುವ ಚಿತ್ರವೇ ಅದು. ಅವರಿಗೆ ಲಗೇಜಿನ ಚೀಟಿ ಯಾರೂ ಹರಿದು ಕೊಡಲಿಲ್ಲ ನೋಡಿ!

2019ರಲ್ಲಿ ನನ್ನ ಮಗಳಿಗೆ ಎರಡನೇ ಬಾಣಂತನ. ನ್ಯೂಜೆರ್ಸಿಗೆ ನಾನು ಹೋಗಲೇಬೇಕು. ಅವಳ ಮೊದಲ ಮಗಳು ಆಗ ಎಂಟು ವರ್ಷದ ಹುಡುಗಿ, ಅಲ್ಲಿಯೇ ಒಬ್ಬರ ಹತ್ತಿರ ಹಾಡು ಕಲಿಯುತ್ತಿದ್ದಳು. ಅವ್ವನಿಗೆ ಆಗ ಎಂಬತ್ತು ದಾಟಿತ್ತು, ಬೆರಳು ನಡುಗುತ್ತಿದ್ದವು. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು: “ನನ್ನ ಕೈಯಾಗ ಇನ್ನ ಇದು ನಿಂದ್ರಂಗಿಲ್ಲವಾ. ಗೂಟಕ್ಕ ಹಾಕಿಟ್ರ ಹುಳ ಹಿಡೀತದ. ಆ ಹುಡುಗೀಗೆ ಒಯ್ದು ಕೊಡು. ನಾ ಇರೂದ್ರೊಳಗ ಆಕಿ ಮೀಟಿದ್ದು ಫೋನಿನ್ಯಾಗ ಕೇಳಬೇಕು.”

ಇಷ್ಟೇ ಆಸೆ. ಇಷ್ಟು ಸಣ್ಣ ಆಸೆ.

ಬಸ್ಸಿನಲ್ಲಿ ಸಿಕ್ಕ ಮರ್ಯಾದೆ

ಹೊರಡುವ ಮುಂಚೆ ತಂಬೂರಿಯನ್ನು ಮಾನ್ವಿಗೆ ಒಯ್ದು ದಾಸರ ಸನ್ನಿಧಿಯಲ್ಲಿ ಒಂದು ಸಲ ಮೀಟಿ ತರಬೇಕೆಂದು ಅವ್ವನ ಹಟ. ಸರಿ, ನಾನು ಮತ್ತು ನಮ್ಮ ವೈನಿ ಇಬ್ಬರೂ ಅದನ್ನು ಕೌದಿಯಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎತ್ತಿಕೊಂಡು ದೇವದುರ್ಗ ಬಸ್‌ಸ್ಟ್ಯಾಂಡಿಗೆ ಬಂದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ನೋಡಿ, “ಇದಕ್ಕೂ ಟಿಕೀಟ್ ಆಗ್ತದರೀ ಅವ್ವಾರ” ಎಂದ. “ಹರೀಪಾ ತಮ್ಮಾ” ಎಂದೆ. ಲಗೇಜ್ ಚೀಟಿ ಹರಿದು ಕೈಗಿಟ್ಟ. ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಎದ್ದು ತಂಬೂರಿಗೆ ತನ್ನ ಸೀಟು ಬಿಟ್ಟುಕೊಟ್ಟ! ನನಗೆ ಕೊಡಲಿಲ್ಲ, ತಂಬೂರಿಗೆ ಕೊಟ್ಟ. ನಾನು ಸಿರವಾರದ ತನಕ ನಿಂತೇ ಬಂದೆ.

ನೀವು ಆ ರಸ್ತೆಯಲ್ಲಿ ಹೋಗಿಲ್ಲದಿದ್ದರೆ ಒಮ್ಮೆ ಹೋಗಬೇಕು. ದೇವದುರ್ಗದ ಕಡೆ ನಾರಾಯಣಪುರದ ಬಲದಂಡೆ ಕಾಲುವೆಯ ನೀರು, ಮಾನ್ವಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ನೀರು ಬಂದ ಕಡೆ ನೆಲ್ಲಿನ ಹಸಿರು, ಬಾರದ ಕಡೆ ಹತ್ತಿ, ತೊಗರಿ, ಕರಿ ಎರೆಮಣ್ಣು. ಮಧ್ಯೆ ಮಧ್ಯೆ ಬೋಳು ಬಂಡೆಗುಡ್ಡ. ಕೃಷ್ಣಾ ಒಂದು ಕಡೆ, ತುಂಗಭದ್ರಾ ಒಂದು ಕಡೆ, ನಡುವೆ ನಮ್ಮ ದೋಆಬು. ಬಿಸಿಲಿಗೆ ಮಾತ್ರ ಎರಡು ಕಡೆಯೂ ಬರಗಾಲವಿಲ್ಲ!

ಮಾನ್ವಿಯಲ್ಲಿ ದಾಸರ ಕಂಬದ ಮುಂದೆ ಕೂತು ವೈನಿ ತಂಬೂರಿ ಶ್ರುತಿ ಮಾಡಿದರು. ಒಂದೇ ಒಂದು ಪದ ಹಾಡಿದೆವು. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಾಳು ಒಗ್ಗರಣಿ, ಮಿರ್ಚಿ ತಿಂದು, ರಾಯಚೂರಿನ ಬಸ್ಸು ಹಿಡಿದೆವು. ಅವತ್ತು ಆ ತಂಬೂರಿಗೆ ಸಿಕ್ಕ ಮರ್ಯಾದೆ ನೋಡಿ, ಅಮೆರಿಕಕ್ಕೆ ಹೋಗುವುದು ಏನು ಮಹಾ ಅನಿಸಿಬಿಟ್ಟಿತ್ತು.

ಕೌಂಟರಿನ ಮುಂದೆ

ವಿಮಾನ ಹತ್ತಲು ನಾವು ಹೋಗಬೇಕಾದದ್ದು ಹೈದರಾಬಾದಿನ ಶಂಷಾಬಾದಿಗೆ. ಸುಮಾರು ಇನ್ನೂರು ಕಿಲೋಮೀಟರ್. ಶಕ್ತಿನಗರದ ಹೊಗೆ ಕೊಳವೆಗಳನ್ನು ದಾಟಿ, ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮಹಬೂಬನಗರದ ಮೇಲೆ ಹೋದರೆ ಊರೊಳಗೆ ಹೋಗುವ ಮುಂಚೆಯೇ ಶಂಷಾಬಾದ್ ಸಿಗುತ್ತದೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಮತ್ತು ತಂಬೂರಿ, ಮುಂದೆ ನಮ್ಮ ಮನೆಯವರು.

ಎರಡು ದೊಡ್ಡ ಸೂಟ್‌ಕೇಸು ಕಟ್ಟಿದ್ದೆ. ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಬಾಣಂತಿಗೆ ಅಂಟಿನುಂಡಿ, ಜೋಳದ ಹಿಟ್ಟು, ಕೂಸಿಗೆ ಕುಲಾಯಿ, ದುಪಟಿ. ಒಂದೊಂದೂ 23 ಕಿಲೋ, ತಕ್ಕಡಿಯಲ್ಲಿ ತೂಗಿಯೇ ಕಟ್ಟಿದ್ದು. ತಂಬೂರಿಗೆ ಕೌದಿ, ಅದರ ಮೇಲೆ ದಪ್ಪ ರಟ್ಟು, ಹಗ್ಗ. ನಾಲ್ಕೈದು ಕಿಲೋ ಆದೀತು. “ಕೈಯಲ್ಲೇ ಹಿಡಕೊಂಡು ಹೋಗ್ತೀನಿ” ಅಂತ ನನ್ನ ಲೆಕ್ಕ. ಯಾರನ್ನೂ ಕೇಳಿರಲಿಲ್ಲ. ಮಗಳನ್ನೂ ಕೇಳಿರಲಿಲ್ಲ, ಮೊಮ್ಮಗಳಿಗೆ ಆಶ್ಚರ್ಯ ಮಾಡಬೇಕೆಂದು.

ಕೌಂಟರಿನ ಹುಡುಗಿ ಒಳ್ಳೆಯವಳೇ. ನಗುತ್ತಲೇ ಹೇಳಿದಳು, ಇದು ಒಳಗೆ ಬರುವುದಿಲ್ಲ ಎಂದು. ಕೆಳಗಿನ ಸಾಮಾನಿನ ಜೊತೆ ಹಾಕಬೇಕು. ಹಾಕಿದರೆ ಇದು ಮೂರನೆಯ ನಗ, ಅದಕ್ಕೊಂದು ದುಡ್ಡು. ಅಳತೆ ಮೀರಿದ್ದಕ್ಕೆ ಇನ್ನೊಂದು ದುಡ್ಡು. ಒಡೆದರೆ ನಾವು ಜವಾಬ್ದಾರರಲ್ಲ ಎಂದು ಬರೆದುಕೊಡಬೇಕು. ಎರಡೂ ಕೂಡಿಸಿ ಅವಳು ಹೇಳಿದ ಮೊತ್ತಕ್ಕೆ ಮಿರಜಿನಲ್ಲಿ ಹೊಸ ತಂಬೂರಿಯೇ ಬರುತ್ತಿತ್ತು! ನಮ್ಮವರ ಜೇಬಿನಲ್ಲಿ ಅಷ್ಟು ಇರಲಿಲ್ಲ. ಇದ್ದರೂ ರಟ್ಟಿನಲ್ಲಿ ಸುತ್ತಿದ ಬುರುಡೆಯನ್ನು ಆ ಬೆಲ್ಟಿನ ಮೇಲೆ ಉರುಳಿಸಲು ನನ್ನ ಕೈ ಬರಲಿಲ್ಲ. ಹಿಂದೆ ಜನ ಗೊಣಗುತ್ತಿದ್ದರು. ಕೊನೆಗೆ ನಮ್ಮವರೇ, “ನೀ ನಡಿ, ಇದನ್ನ ನಾ ಮನೀಗೆ ಒಯ್ತೀನಿ” ಎಂದರು.

ಗಾಜಿನ ಬಾಗಿಲಿನ ಆಚೆ ಅವರು ತಂಬೂರಿಯನ್ನು ಹೆಗಲಿಗಾನಿಸಿಕೊಂಡು ಹೋಗುವುದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹಲಗೆಯ ಹುಡುಗ

ಕಣ್ಣೊರೆಸಿಕೊಂಡು ಒಳಗೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ, “ಅಮ್ಮಾ, ಯಾಕೆ, ಏನಾಯ್ತು?” ಎಂದು ಕನ್ನಡದಲ್ಲೇ ಕೇಳಿದ. ಮೂಲ್ಕಿಯವನಂತೆ, ಹೈದರಾಬಾದಿನಲ್ಲಿ ಕೆಲಸ. ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಂತು ಸವಾರಿ ಮಾಡುತ್ತಾರಲ್ಲ, ಸರ್ಫಿಂಗ್ ಅಂತ, ಅದರ ಹುಚ್ಚು ಅವನಿಗೆ. ರಜೆಗೆ ಶ್ರೀಲಂಕಾಕ್ಕೆ ಹೊರಟಿದ್ದ. ಅವನ ಹಲಗೆ ಆರಡಿಗೂ ಉದ್ದ, ನನ್ನ ತಂಬೂರಿಗಿಂತ ಉದ್ದ! ಅದಾಗಲೇ ವಿಮಾನದ ಹೊಟ್ಟೆಗೆ ಹೋಗಿತ್ತು.

“ಅಷ್ಟುದ್ದದ್ದನ್ನ ಹೆಂಗಪಾ ಬಿಟ್ರು?” ಎಂದೆ. ಅವನು ನಕ್ಕು ತನ್ನ ಗುಟ್ಟುಗಳನ್ನೆಲ್ಲ ಹೇಳಿದ. ನಮ್ಮ ಕಡೆ ಸಮುದ್ರ ಎಲ್ಲಿ, ಸರ್ಫಿಂಗ್ ಎಲ್ಲಿ ಎಂದು ನೀವು ಪುಟ ತಿರುಗಿಸಬೇಡಿ. ಉದ್ದನೆಯ ಸಾಮಾನಿನ ಕಷ್ಟ ಎಲ್ಲರಿಗೂ ಒಂದೇ.

ಮೊದಲನೆಯದು, ಟಿಕೆಟು ತೆಗೆಯುವ ಮುಂಚೆಯೇ ಕೇಳಬೇಕು. ಒಂದು ವಿಮಾನ ಕಂಪನಿ ಹಲಗೆಯನ್ನು ಒಂದು ಸಾಮಾನ್ಯ ನಗದ ಲೆಕ್ಕಕ್ಕೆ ಹಿಡಿದರೆ, ಇನ್ನೊಂದು ದುಡ್ಡು ಹಾಕುತ್ತದೆ, ಮತ್ತೊಂದು ಬೇಡವೇ ಬೇಡ ಎನ್ನುತ್ತದೆ. ಟಿಕೆಟು ಸಾವಿರ ರೂಪಾಯಿ ಅಗ್ಗ ಅಂತ ತೆಗೆದು, ಹಲಗೆಗೆ ಅದರ ಹತ್ತರಷ್ಟು ಕೊಟ್ಟವರನ್ನು ಅವನು ಕಂಡಿದ್ದನಂತೆ. ಎರಡನೆಯದು, ಅವರು ಒಪ್ಪಿದ್ದನ್ನು ಬರಹದಲ್ಲಿ ತರಿಸಿಕೊಂಡು ಕೈಯಲ್ಲಿ ಇಟ್ಟುಕೊಳ್ಳಬೇಕು. ಕೌಂಟರಿನಲ್ಲಿ ಕೂತವರಿಗೆ ಎಲ್ಲ ನಿಯಮವೂ ಬಾಯಿಪಾಠ ಇರುವುದಿಲ್ಲ. ಮೂರನೆಯದು, ಹಲಗೆಯ ಚೀಲದೊಳಗೆ ತನ್ನ ಬಟ್ಟೆಗಳನ್ನೇ ಸುತ್ತಿ ತುಂಬುತ್ತಾನೆ. ಹಲಗೆಗೆ ಮೆತ್ತೆಯೂ ಆಯಿತು, ಬೇರೆ ಪೆಟ್ಟಿಗೆಯ ಖರ್ಚೂ ಉಳಿಯಿತು. ನಾಲ್ಕನೆಯದು ಎಲ್ಲಕ್ಕಿಂತ ಜಾಣತನದ್ದು: ಅಲ್ಲೇ ಬಾಡಿಗೆಗೆ ಸಿಗುವ ಹಾಗಿದ್ದರೆ ಒಯ್ಯಲೇಬಾರದು. “ಮೂಲ್ಕಿಗೆ ಕಲಿಯಲು ಬರುವವರು ಹಲಗೆ ಹೊತ್ತುಕೊಂಡು ಬರುವುದಿಲ್ಲಮ್ಮಾ, ಅಲ್ಲೇ ಬಾಡಿಗೆಗೆ ತಗೊಳ್ತಾರೆ. ನಾನು ಮಾತ್ರ ನನ್ನ ಹಲಗೆ ಬಿಡಲಾರೆ, ಅದಕ್ಕೆ ಒಯ್ತೀನಿ” ಎಂದ.

ಆ ಮಾತು ನನಗೆ ನಾಟಿತು. ತಂಬೂರಿಯೂ ಅಲ್ಲೇ ಸಿಗುತ್ತದೆ. ಆದರೆ ಅವ್ವನ ತಂಬೂರಿ ಅಲ್ಲಿ ಸಿಗುತ್ತದೆಯೇ?

ಹೈದರಾಬಾದ್ ನೋಡಿ ಬಂತು

ನ್ಯೂಜೆರ್ಸಿಯಲ್ಲಿ ಇಳಿದು ಮಗಳಿಗೆ ವಿಷಯ ಹೇಳಿದಾಗ, “ಮೊದಲೇ ಹೇಳಬಾರದಿತ್ತೇನಮ್ಮ?” ಎಂದು ಒಂದೇ ಮಾತು ಕೇಳಿದಳು. ಇತ್ತ ನಮ್ಮವರು ತಂಬೂರಿಯನ್ನು ಮತ್ತೆ ದೇವದುರ್ಗಕ್ಕೆ ಮುಟ್ಟಿಸಿದರು. ಅವ್ವ ಬೈಯಲಿಲ್ಲ. ಫೋನಿನಲ್ಲಿ ನಾನು ಅಳುತ್ತಿದ್ದರೆ ಅವಳೇ ಸಮಾಧಾನ ಮಾಡಿದಳು: “ಇರ್ಲಿ ಬಿಡವಾ. ಅದೂ ಒಮ್ಮೆ ಹೈದ್ರಾಬಾದ್ ನೋಡಿ ಬಂತು.”

ಮುಂದಿನ ವರ್ಷ ಒಯ್ದರಾಯಿತು ಎಂದುಕೊಂಡೆ. ಮುಂದಿನ ವರ್ಷ ಏನಾಯಿತೆಂದು ನಿಮಗೇ ಗೊತ್ತು. 2020ರ ಮಾರ್ಚಿಯಲ್ಲಿ ನಿಂತ ಹೊರದೇಶದ ದಿನನಿತ್ಯದ ವಿಮಾನಗಳು ಮತ್ತೆ ಮೊದಲಿನಂತೆ ಹಾರಿದ್ದು 2022ರ ಮಾರ್ಚಿ ಕೊನೆಗೆ. ನಡುವೆ 2021ರಲ್ಲಿ ಅವ್ವ ತೀರಿಕೊಂಡಳು. ತಂಬೂರಿ ಗೂಟದ ಮೇಲೇ ಇತ್ತು. ಮೊಮ್ಮಗಳು ಮೀಟಿದ್ದನ್ನು ಅವಳು ಕೇಳಲೇ ಇಲ್ಲ. ಒಂದು ಫೋನು ಮಾಡಿ ಮೊದಲೇ ಕೇಳಿದ್ದರೆ, ಒಂದು ಪೆಟ್ಟಿಗೆ ಮಾಡಿಸಿದ್ದರೆ ಆಗುತ್ತಿದ್ದ ಕೆಲಸ. ಅದಕ್ಕೇ ನಾನು ಈಗ ಸಿಕ್ಕವರಿಗೆಲ್ಲ ಇದನ್ನು ಹೇಳುತ್ತೇನೆ.

ಗಾತ್ರವೂ ಒಂದು ತೂಕ

ಎರಡನೇ ಸಲ ಹೊರಡುವಾಗ ನಾನು ಪರೀಕ್ಷೆಗೆ ಕೂತವಳ ಹಾಗೆ ಓದಿಕೊಂಡೆ. ಅದರಲ್ಲಿ ನಿಮಗೆ ಬೇಕಾದದ್ದು ಇಷ್ಟು.

ನಾವು ಮನೆಯಲ್ಲಿ ತೂಕ ಒಂದನ್ನೇ ನೋಡುತ್ತೇವೆ. ವಿಮಾನದವರು ಅಳತೆಯನ್ನೂ ನೋಡುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿ 158 ಸೆಂಟಿಮೀಟರ್, ಅಂದರೆ 62 ಇಂಚು ಮೀರಬಾರದು ಎಂಬುದು ಬಹಳ ಕಂಪನಿಗಳ ರೂಢಿ. ಮೀರಿದರೆ ತೂಕ ಎಷ್ಟೇ ಕಡಿಮೆಯಿರಲಿ, ಬೇರೆ ದರ. ತಂಬೂರಿ ಒಂದರ ಉದ್ದವೇ ಹತ್ತಿರ ಹತ್ತಿರ 140 ಸೆಂಟಿಮೀಟರ್! ಇನ್ನು ಒಂದು ನಗ 32 ಕಿಲೋ ಮೀರಿದರೆ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎತ್ತುವ ಕೂಲಿಗಳ ಬೆನ್ನಿಗೆ ಅಪಾಯವೆಂದು.

“ಹಂಗಾದ್ರ ಕೊರಿಯರ್ ಮಾಡಿಬಿಡೂಣು” ಎಂದರು ನಮ್ಮವರು. ಅಲ್ಲಿ ಇನ್ನೊಂದು ಲೆಕ್ಕ ಕಾದಿತ್ತು. ಕೊರಿಯರಿನವರು ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. ನಿಜವಾದ ತೂಕ, ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನಮ್ಮ ಪೆಟ್ಟಿಗೆ 150 ಉದ್ದ, 50 ಅಗಲ, 45 ಎತ್ತರ. ಗುಣಿಸಿದರೆ 3,37,500. ಭಾಗಿಸಿದರೆ 67.5 ಕಿಲೋ! ಒಳಗಿರುವುದು ನಾಲ್ಕೈದು ಕಿಲೋದ ತಂಬೂರಿ. ಅಂದರೆ ಬುರುಡೆಯೊಳಗಿನ ಗಾಳಿಗೆ ನಾವು ಬಾಡಿಗೆ ಕೊಡಬೇಕು. ವಿಮಾನದ ಕಾರ್ಗೋದವರು 6000ದಿಂದ ಭಾಗಿಸುತ್ತಾರೆ, ಸ್ವಲ್ಪ ಅಗ್ಗ, ಆದರೂ 56 ಕಿಲೋ ಮೇಲೆ. ಉಣ್ಣೆಯ ರಜಾಯಿ, ತೊಟ್ಟಿಲು, ದೊಡ್ಡ ಬೊಂಬೆ, ಇಂಥ ಹಗುರವಾದ ದೊಡ್ಡ ಸಾಮಾನು ಕಳಿಸುವ ಮುಂಚೆ ನೀವೂ ಈ ಗುಣಾಕಾರ ಮಾಡಿ ನೋಡಿ.

ಹುಡುಕುತ್ತ ಹೋದಾಗ ಒಂದು ಒಳ್ಳೆಯ ಸುದ್ದಿಯೂ ಸಿಕ್ಕಿತು. ಅಮೆರಿಕದಲ್ಲಿ 2012ರಲ್ಲಿ ಒಂದು ಕಾನೂನು ಬಂದು, 2015ರಿಂದ ಅದರ ನಿಯಮ ಜಾರಿಯಲ್ಲಿದೆ. ಅಲ್ಲಿನ ವಿಮಾನ ಕಂಪನಿಗಳು ಸಣ್ಣ ವಾದ್ಯಗಳನ್ನು, ಮೇಲಿನ ಗೂಡಿನಲ್ಲಿ ಜಾಗವಿದ್ದರೆ, ಒಳಗೇ ಬಿಡಬೇಕು. ದೊಡ್ಡದಾದರೆ ಅದಕ್ಕೇ ಒಂದು ಸೀಟು ಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಕೆಳಗೆ ಹಾಕುವುದಾದರೆ ಮೂರೂ ಅಳತೆ ಕೂಡಿ 150 ಇಂಚು, ತೂಕ 165 ಪೌಂಡಿನವರೆಗೆ (ಅಂದರೆ 75 ಕಿಲೋದವರೆಗೆ) ಒಪ್ಪಬೇಕು. ನಮ್ಮ ಪೆಟ್ಟಿಗೆ ಕೂಡಿಸಿದರೆ 245 ಸೆಂಟಿಮೀಟರ್, 100 ಇಂಚಿಗಿಂತ ಕಡಿಮೆ. ದುಡ್ಡು ಕೇಳಬಹುದು, ಆದರೆ ಬೇಡ ಎನ್ನುವಂತಿಲ್ಲ. ನೆನಪಿಡಿ, ಇದು ಆ ದೇಶದ ಕಂಪನಿಗಳಿಗೆ ಮಾತ್ರ. ಮಗಳು ಅಂಥ ಕಂಪನಿಯ ಟಿಕೆಟನ್ನೇ ಹುಡುಕಿ, ಕಾಗದ ಬರೆದು, ಒಪ್ಪಿಗೆ ತರಿಸಿದಳು. ದಾರಿಯಲ್ಲಿ ಬೇರೆ ಕಂಪನಿಯ ವಿಮಾನಕ್ಕೆ ಬದಲಾಯಿಸುವುದಿದ್ದರೆ ಎರಡೂ ಕಡೆ ಕೇಳಬೇಕು, ಅದನ್ನು ಮರೆಯಬೇಡಿ.

ಬಡಿಗೇರರ ಪೆಟ್ಟಿಗೆ

ತಂಬೂರಿಯನ್ನು ಮೊದಲು ವಾದ್ಯ ರಿಪೇರಿ ಮಾಡುವವರಿಗೆ ತೋರಿಸಿದೆ. ತೋರಿಸಿದ್ದು ಪುಣ್ಯ. ತಂತಿ ಕೂರುವ ಕುದುರೆಗೆ ಜಿಂಕೆಯ ಕೊಂಬು ಹಾಕಿದ್ದರು, ಹಳೆಯ ವಾದ್ಯಗಳಲ್ಲಿ ಅದು ಉಂಟು. ನಮ್ಮ ದೇಶದ ವನ್ಯಜೀವಿ ಕಾನೂನಿನಂತೆ ಕೊಂಬು, ಆನೆದಂತ ಹೊರದೇಶಕ್ಕೆ ಒಯ್ಯುವ ಹಾಗಿಲ್ಲ, ತನಿಖೆಯಲ್ಲಿ ಸಿಕ್ಕರೆ ವಾದ್ಯವೇ ಹೋದೀತು. ಅದನ್ನು ತೆಗೆಸಿ ಮರದ ಕುದುರೆ ಕೂರಿಸಿದೆವು. ನಿಮ್ಮ ಮನೆಯ ವಸ್ತು ನೂರು ವರ್ಷಕ್ಕಿಂತ ಹಳೆಯದಾದರೆ ಅದನ್ನಂತೂ ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಒಯ್ಯಬಾರದು, 1972ರ ಕಾನೂನು ಅದು. ಕೈಬರಹದ ಓಲೆ, ಪುಸ್ತಕಗಳಿಗೆ 75 ವರ್ಷವೇ ಮಿತಿ. ನೋಡುವುದಕ್ಕೆ ಹಳೆಯದಾಗಿ ಕಂಡರೂ ಅಷ್ಟು ಹಳೆಯದಲ್ಲದಿದ್ದರೆ, ಪುರಾತನ ವಸ್ತು ಅಲ್ಲ ಎಂದು ಅವರೇ ಪ್ರಮಾಣಪತ್ರ ಕೊಡುತ್ತಾರೆ.

ಆಮೇಲೆ ರಾಯಚೂರಿನ ನಮ್ಮ ಓಣಿಯ ಬಡಿಗೇರರಿಂದ ತೆಳು ಪ್ಲೈವುಡ್ಡಿನ ಪೆಟ್ಟಿಗೆ. ಕಚ್ಚಾ ಮರದ ಹಲಗೆ ಬೇಡ. ಅದರಲ್ಲಿ ಹುಳ ಇದ್ದೀತೆಂದು ಹೊರದೇಶಗಳು ಶಾಖ ಕೊಟ್ಟ ಮುದ್ರೆ ಕೇಳುತ್ತವೆ, ಪ್ಲೈವುಡ್ಡಿಗೆ ಆ ತೊಂದರೆ ಇಲ್ಲ. ಒಳಗೆ ತುಂಬಲು ಹುಲ್ಲು, ಹೊಟ್ಟು, ಬೀಜವಿರುವ ಹತ್ತಿ ಯಾವುದೂ ಬೇಡ, ಅದೇ ಕಾರಣಕ್ಕೆ. ಮೊಳೆ ಬದಲು ಸ್ಕ್ರೂ, ಕೊಂಡಿ ಹಾಕಿಸಿ. ತಪಾಸಣೆಯವರು ತೆರೆದು ನೋಡುತ್ತಾರೆ, ಮೊಳೆ ಹೊಡೆದಿದ್ದರೆ ಕಿತ್ತು ಮುರಿದು ಹಾಕುತ್ತಾರೆ.

ತಂತಿ ಬಿಚ್ಚಬಾರದು, ಸಡಿಲ ಮಾಡಬೇಕು. ಬಿಗಿದ ತಂತಿ ಚಳಿ-ಸೆಕೆ ಬದಲಾದಾಗ ದಂಡಿಯನ್ನು ಬಾಗಿಸುತ್ತದೆ. ಕುದುರೆಯ ಕೆಳಗೆ ಮೆತ್ತನೆ ಬಟ್ಟೆ. ಬುರುಡೆಯ ಸುತ್ತ ಅವ್ವನೇ ಹೊಲಿದ ಎರಡು ಕೌದಿ. ದಂಡಿಯ ಎರಡು ಪಕ್ಕ ಮಗಳಿಗೆ ಒಯ್ಯಬೇಕಾದ ಇಳಕಲ್ ಸೀರೆ, ಅಳಿಯನ ಪಂಚೆ, ಮಕ್ಕಳ ಬಟ್ಟೆ. ಹಲಗೆಯ ಹುಡುಗ ಕಲಿಸಿದ ವಿದ್ಯೆ! (ಕೆಲವು ಕಂಪನಿಯವರು ವಾದ್ಯದ ಪೆಟ್ಟಿಗೆಯಲ್ಲಿ ವಾದ್ಯ ಬಿಟ್ಟು ಬೇರೇನೂ ಇರಕೂಡದು ಎನ್ನುತ್ತಾರೆ, ಅದನ್ನೂ ಮೊದಲೇ ಕೇಳಿ.) ಎಲ್ಲ ಸೇರಿ 22 ಕಿಲೋ. ಹೀಗೆ ಪೆಟ್ಟಿಗೆಯೇ ನನ್ನ ಎರಡನೆಯ ನಗವಾಯಿತು, ಮೂರನೆಯದರ ದುಡ್ಡು ಉಳಿಯಿತು, ಅಳತೆ ಮೀರಿದ್ದಕ್ಕೆ ಮಾತ್ರ ಕೊಟ್ಟೆ. ಒಂದು ಸೂಟ್‌ಕೇಸು ಬಿಟ್ಟೆ. ಜೋಳದ ಹಿಟ್ಟು ಅಲ್ಲೂ ಸಿಗುತ್ತದಂತೆ! ಚಟ್ನಿಪುಡಿ ಮಾತ್ರ ಬಿಡಲಿಲ್ಲ.

ಮುಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಒಡೆದು ಬಂದರೆ ನಿಲ್ದಾಣ ಬಿಡುವ ಮುಂಚೆಯೇ ಹೇಳಿ, 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾದರೆ ಕೇಳುವ ಹಕ್ಕು ಹೋಗುತ್ತದೆ.

ಒಯ್ಯದೆಯೂ ದಾರಿ ಉಂಟು

ಎಲ್ಲರೂ ಇಷ್ಟು ಸರ್ಕಸ್ ಮಾಡಬೇಕೆಂದು ನಾನು ಹೇಳುವುದಿಲ್ಲ. ಹಾಡಲು ಶ್ರುತಿ ಬೇಕು ಅಷ್ಟೆ ಎನ್ನುವವರಿಗೆ ಬುರುಡೆಯಿಲ್ಲದ, ಚಪ್ಪಟೆಯಾದ, ಗಿಡ್ಡ ತಂಬೂರಿಗಳು ಬಂದಿವೆ. ವಿದ್ಯುತ್ ತಂಬೂರಿ ಅಂತೂ ಟಿಫಿನ್ ಡಬ್ಬಿಯಷ್ಟು. ಅದನ್ನು ಮೊದಲು ಮಾಡಿದವರು ನಮ್ಮ ಬೆಂಗಳೂರಿನ ರಾಜ್ ನಾರಾಯಣ್, 1979ರಲ್ಲಿ. ಈಗ ಮೊಬೈಲಿನಲ್ಲೇ ತಂಬೂರಿ ಮೊಳಗುತ್ತದೆ, ಲಗೇಜೇ ಇಲ್ಲ. ಹೊಸದು ಬೇಕೆಂದರೆ ಮಿರಜಿನ ಕಾರಿಗರು ತಾವೇ ಪೆಟ್ಟಿಗೆ ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಆ ಊರಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಮೂಲ್ಕಿಯ ಹುಡುಗ ಹೇಳಿದ್ದೂ ಇದನ್ನೇ: ಅಲ್ಲಿ ಸಿಗುವುದನ್ನು ಇಲ್ಲಿಂದ ಹೊರಬೇಡಿ. ಹೊರಬೇಕಾದದ್ದು ಅಲ್ಲಿ ಸಿಗದೇ ಇರುವುದನ್ನು ಮಾತ್ರ.

ಇನ್ನೊಂದು ಮಾತು. “ನಿಮ್ಮ ಕಡೆಯವರು ಹೊರಟಾರಲ್ಲ, ಇದೊಂದು ಡಬ್ಬಿ ಒಯ್ದು ಕೊಡ್ರಿ” ಎಂದು ಗುರುತಿಲ್ಲದವರು ಕೊಟ್ಟ ಮುಚ್ಚಿದ ಗಂಟನ್ನು ಯಾವತ್ತೂ ಒಯ್ಯಬೇಡಿ. ದಾಕ್ಷಿಣ್ಯಕ್ಕೆ ಬಸಿರಾಗಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಶ್ರುತಿ ಸೇರಿತು

2023ರ ಬೇಸಿಗೆಯಲ್ಲಿ ಮತ್ತೆ ಅದೇ ದಾರಿ. ದೇವದುರ್ಗದ ಗೂಟದಿಂದ ತಂಬೂರಿ ಇಳಿಸಿದಾಗ ಗೋಡೆಯ ಮೇಲೆ ಅದರ ಆಕಾರದ ಬಿಳಿ ಕಲೆ ಉಳಿಯಿತು. ವೈನಿ ಅದಕ್ಕೆ ಸುಣ್ಣ ಬಳಿಯಲು ಇನ್ನೂ ಒಪ್ಪಿಲ್ಲ. ಮಾನ್ವಿಯಲ್ಲಿ ಮತ್ತೆ ಒಂದು ಪದ, ಮತ್ತೆ ಮಂಡಾಳು ಒಗ್ಗರಣಿ. ಶಂಷಾಬಾದಿನ ಕೌಂಟರಿನಲ್ಲಿ ನಾನು ಒಪ್ಪಿಗೆಯ ಕಾಗದ ಮುಂದಿಟ್ಟೆ, ದುಡ್ಡು ಕಟ್ಟಿದೆ, ಪೆಟ್ಟಿಗೆ ದೊಡ್ಡ ಸಾಮಾನಿನ ಬಾಗಿಲಿನಿಂದ ಒಳಗೆ ಹೋಯಿತು. ಐದು ನಿಮಿಷದ ಕೆಲಸ! ಆ ಐದು ನಿಮಿಷಕ್ಕೆ ನಾಲ್ಕು ವರ್ಷ ಹಿಡಿಯಿತಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

ನ್ಯೂಜೆರ್ಸಿಯ ಮನೆಯ ನಡುಮನೆಯಲ್ಲಿ ಪೆಟ್ಟಿಗೆ ತೆರೆದೆವು. ಕೌದಿ ಬಿಚ್ಚಿದರೆ ಬುರುಡೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಹನ್ನೆರಡು ವರ್ಷದ ಮೊಮ್ಮಗಳು ಬಿರಡೆ ತಿರುವಿ ತಿರುವಿ ತಂತಿ ಬಿಗಿದಳು. ಕುದುರೆಯ ಮೇಲೆ ಜೀವಾಳದ ನೂಲು ಸರಿಸುವುದು ಅವಳಿಗೆ ಬರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ಮಾಡುವುದನ್ನು ದೂರದಿಂದ ನೋಡಿದ್ದು ನನಗೆ ನೆನಪಿತ್ತು. ಮುಟ್ಟಬಾರದ ತಂಬೂರಿಯನ್ನು ಅರವತ್ತನೇ ವಯಸ್ಸಿನಲ್ಲಿ ಮೊದಲ ಸಲ ನಾನೇ ಮುಟ್ಟಿ, ನೂಲು ಕೂದಲೆಳೆಯಷ್ಟು ಸರಿಸಿದೆ. ತಂತಿ ಝೇಂಕರಿಸಿತು.

ದೇವದುರ್ಗಕ್ಕೆ ಫೋನು ಹಚ್ಚಿದೆವು. ಅಲ್ಲಿ ಆಗ ಬೆಳಗಿನ ಜಾವ. ವೈನಿ ಅಂಗಳ ಸಾರಿಸುತ್ತಿದ್ದರು. ಕೈ ಒರೆಸಿಕೊಂಡು ಫೋನನ್ನು ಅವ್ವನ ಫೋಟೋದ ಮುಂದೆ ಇಟ್ಟರು. ಯಾರೂ ಏನೂ ಮಾತಾಡಲಿಲ್ಲ.

ಸೋದರಿಯರೇ, ನಿಮ್ಮ ಮನೆಯಲ್ಲೂ ಗೂಟಕ್ಕೆ, ಅಟ್ಟಕ್ಕೆ, ಪೆಟಾರಿಗೆ ಸೇರಿದ ಇಂಥದ್ದೊಂದು ಇರಬಹುದು. ಯಾರಿಗೋ ಸೇರಬೇಕಾದದ್ದು. ಖರ್ಚು ಎಷ್ಟಾದೀತು ಎಂಬ ಹೆದರಿಕೆಗೆ ಮುಂದೂಡಿರಬಹುದು. ಇವತ್ತೇ ಒಂದು ಅಳತೆಪಟ್ಟಿ ತೆಗೆದುಕೊಳ್ಳಿ, ಉದ್ದ, ಅಗಲ, ಎತ್ತರ ಬರೆದುಕೊಳ್ಳಿ, ಫೋನು ಮಾಡಿ ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ. ಕಳಿಸಬೇಕೆಂದವರು ಇರುವಾಗಲೇ ಕೇಳಿ.